ಟೇಬಲ್ 2 ಕೂಡಿದರೆ ಲೆಕ್ಕ ಬರುತ್ತಿಲ್ಲ

ಆ ಪತ್ರ ಬಂದಾಗ ನಾನು ಒಂದು ವೈದ್ಯಕೀಯ ಸಂಶೋಧನಾ ಜರ್ನಲ್‌ಗೆ ಸಹ ಸಂಪಾದಕನಾಗಿ ಸೇರಿ ಎರಡನೇ ವರ್ಷ. ಐದೇ ಸಾಲಿನ ಪತ್ರ. ಬರೆದವರೂ ಡಾಕ್ಟರೇ. ನಾವು ಹಿಂದಿನ ವರ್ಷ ಪ್ರಕಟಿಸಿದ್ದ ಒಂದು ಪೇಪರ್ ಬಗ್ಗೆ ಕೇಳಿದ್ದರು. ಔಷಧಿ ತೆಗೆದುಕೊಂಡ ಗುಂಪಿನಲ್ಲಿ ಒಟ್ಟು 64 ಜನ ಎಂದಿದೆ, ಕೆಳಗೆ ಗಂಡಸರು 36, ಹೆಂಗಸರು 31 ಎಂದಿದೆ, ಟೇಬಲ್ 2 ಕೂಡಿದರೆ ಲೆಕ್ಕ ಬರುತ್ತಿಲ್ಲ, ಇನ್ನೆರಡು ಕಡೆ ಶೇಕಡಾವಾರು ಕೂಡ ತಾಳೆಯಾಗುತ್ತಿಲ್ಲ, ದಯವಿಟ್ಟು ನೋಡಿ ಎಂದು ಬರೆದಿದ್ದರು. ಕೊನೆಯ ಸಾಲು ಹೀಗಿತ್ತು: ನಮ್ಮ ವಾರ್ಡಿನಲ್ಲಿ ಈ ಡೋಸ್ ಶುರು ಮಾಡಬೇಕೋ ಬೇಡವೋ ಎಂದು ತೀರ್ಮಾನ ಮಾಡುವುದಿದೆ, ಆದಷ್ಟು ಬೇಗ ತಿಳಿಸಿ.

ನಾನು ಓದಿದೆ. ಅಚ್ಚಿನ ತಪ್ಪಿರಬೇಕು ಅಂದುಕೊಂಡೆ. ಮೂರು ವಾರ ಹಾಗೇ ಬಿಟ್ಟೆ. ಆಮೇಲೆ ಪತ್ರವನ್ನು ಲೇಖಕರಿಗೆ ಕಳಿಸಿ, ಪತ್ರ ಬರೆದ ಡಾಕ್ಟರಿಗೆ 'ವಿಚಾರಿಸುತ್ತಿದ್ದೇವೆ' ಎಂದು ಒಂದು ಸಾಲು ಬರೆದು, ಬೇರೆ ಕೆಲಸಕ್ಕೆ ಹೋದೆ. ಆ ಪೇಪರ್ ನಂಬಬೇಡಿ ಎಂದು ಪ್ರಕಟಿಸಿ ಅದನ್ನು ಹಿಂತೆಗೆದುಕೊಳ್ಳುವ ಹೊತ್ತಿಗೆ 14 ತಿಂಗಳು ಕಳೆದಿತ್ತು.

ಅಷ್ಟು ದಿನ ನಾನು ಸಂಪಾದಕನ ಕೆಲಸ ಎಂದರೆ ಆರಿಸುವುದು ಎಂದೇ ತಿಳಿದಿದ್ದೆ. ಬರುವ ಪೇಪರ್‌ಗಳನ್ನು ಓದಬೇಕು, ಬೇಡವಾದದ್ದನ್ನು ಬೇಗ ವಾಪಸ್ ಕಳಿಸಬೇಕು, ಉಳಿದದ್ದನ್ನು ಓದಿ ಅಭಿಪ್ರಾಯ ಹೇಳುವ ತಜ್ಞರನ್ನು, ಅಂದರೆ ಒಳ್ಳೆಯ ರಿವ್ಯೂವರ್‌ಗಳನ್ನು ಹುಡುಕಬೇಕು, ಅವರ ಅಭಿಪ್ರಾಯ ಬಂದ ಮೇಲೆ ಹೂಂ ಅಥವಾ ಇಲ್ಲ ಅನ್ನಬೇಕು. ಪೇಪರ್ ಪ್ರಕಟವಾದರೆ ನಮ್ಮ ಪಾಲಿನದು ಮುಗಿಯಿತು, ಆಮೇಲಿನದು ಲೇಖಕರ ತಲೆನೋವು. ಹೀಗೆ ತಿಳಿದದ್ದು ನಾನೊಬ್ಬನೇ ಅಲ್ಲ. ನನಗೆ ಕೆಲಸ ಕಲಿಸಿದವರೂ ಹೆಚ್ಚುಕಡಿಮೆ ಹೀಗೇ ತಿಳಿದಿದ್ದರು. ಆದರೆ ಪ್ರಕಟವಾದ ದಿನದಿಂದಲೇ ಆ ಪೇಪರ್ ಯಾರದೋ ವಾರ್ಡಿನೊಳಗೆ ಕಾಲಿಡುತ್ತದೆ. ಮಲಗಿರುವ ರೋಗಿಗೆ ಜರ್ನಲ್ ಹೆಸರೂ ಗೊತ್ತಿರುವುದಿಲ್ಲ, ಲೇಖಕರೂ ಗೊತ್ತಿರುವುದಿಲ್ಲ. ಅವರ ಪರವಾಗಿ ಆ ಟೇಬಲ್ ಕೂಡಿ ನೋಡಬೇಕಾದವರು ಯಾರು? ನಾನೇ ಅಲ್ವಾ?

ಒಂದೇ ಜರ್ನಲ್‌ಗೆ ಹತ್ತು ವರ್ಷಗಳ ಅಂತರದಲ್ಲಿ ಬಂದ ಎರಡು ಬಗೆಯ ಪತ್ರಗಳ ಕಥೆ ಇಲ್ಲಿ ಹೇಳಲೇಬೇಕು. ಅದನ್ನು ಓದಿದ ಮೇಲೆಯೇ ನನಗೆ ನನ್ನ ತಪ್ಪಿನ ಅಳತೆ ಸಿಕ್ಕಿದ್ದು.

ಅನೆಸ್ತೀಸಿಯಾ ಅಂಡ್ ಅನಲ್ಜೀಸಿಯಾ ಎಂಬ ಅರಿವಳಿಕೆ ಶಾಸ್ತ್ರದ ಜರ್ನಲ್. 2000ದಲ್ಲಿ ಮೂವರು ವೈದ್ಯರು ಅದಕ್ಕೆ ಒಂದು ಪತ್ರ ಬರೆದರು. ಜಪಾನಿನ ಯೋಶಿತಾಕಾ ಫುಜಿಯೀ ಎಂಬ ವೈದ್ಯರು ಆಪರೇಷನ್ ನಂತರದ ವಾಂತಿ ತಡೆಯುವ ಔಷಧಿಗಳ ಮೇಲೆ ಸಾಲುಸಾಲಾಗಿ ಪೇಪರ್ ಬರೆಯುತ್ತಿದ್ದರು. ಅವರ ಅಂಕಿಅಂಶ ನಂಬಲಾಗದಷ್ಟು ಚೆನ್ನಾಗಿದೆ ಎಂಬುದು ಪತ್ರದ ಸಾರ. ಹಲವು ಪೇಪರ್‌ಗಳಲ್ಲಿ ತಲೆನೋವು ಬಂದ ರೋಗಿಗಳ ಸಂಖ್ಯೆ ಎಲ್ಲ ಗುಂಪುಗಳಲ್ಲೂ ಒಂದೇ ಇತ್ತು. ನಿಜವಾದ ರೋಗಿಗಳಲ್ಲಿ ಹಾಗಾಗುವುದಿಲ್ಲ. ಒಮ್ಮೆ ಆಗಬಹುದು, ಪದೇಪದೇ ಆಗುವುದಿಲ್ಲ. ಜರ್ನಲ್ ಆ ಪತ್ರವನ್ನು ಪ್ರಕಟಿಸಿತು. ಫುಜಿಯೀ ಕೊಟ್ಟ ಉತ್ತರವನ್ನೂ ಪ್ರಕಟಿಸಿತು. ವಿಷಯ ಅಲ್ಲಿಗೆ ತಣ್ಣಗಾಯಿತು. ಅವರ ಪೇಪರ್‌ಗಳು ಬೇರೆಬೇರೆ ಜರ್ನಲ್‌ಗಳಲ್ಲಿ ಬರುತ್ತಲೇ ಇದ್ದವು. 2012ರಲ್ಲಿ ಜಾನ್ ಕಾರ್ಲೈಲ್ ಎಂಬ ಇಂಗ್ಲೆಂಡಿನ ಅರಿವಳಿಕೆ ತಜ್ಞರು ಫುಜಿಯೀ ಅವರ 168 ಟ್ರಯಲ್‌ಗಳ, ಅಂದರೆ ರೋಗಿಗಳ ಮೇಲೆ ನಡೆಸುವ ಪ್ರಯೋಗಗಳ, ಅಂಕಿಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಅಂಕಿಗಳು ಈ ರೀತಿ ಸಹಜವಾಗಿ ಬರುವ ಸಾಧ್ಯತೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇತ್ತು. ಅದೇ ವರ್ಷ ಜಪಾನಿನ ವಿಚಾರಣಾ ಸಮಿತಿ 172 ಪೇಪರ್‌ಗಳಲ್ಲಿ ಕಟ್ಟುಕಥೆ ಇದೆ ಎಂದು ಹೇಳಿತು. ಮೊದಲ ಪತ್ರ ಬಂದು ಹನ್ನೆರಡು ವರ್ಷ ಆಗಿತ್ತು.

ಈಗ ಎರಡನೆಯದು. 2009ರ ಕೊನೆಗೆ ಅದೇ ಜರ್ನಲ್‌ನಲ್ಲಿ ಜರ್ಮನಿಯ ಯೋಆಖಿಮ್ ಬೋಲ್ಟ್ ಅವರ ಪೇಪರ್ ಬಂತು. ಹೃದಯದ ಆಪರೇಷನ್ ಆಗುವವರಿಗೆ ರಕ್ತನಾಳದ ಮೂಲಕ ಕೊಡುವ ದ್ರವಗಳ ಬಗ್ಗೆ. ಓದುಗರು ಮತ್ತೆ ಪತ್ರ ಬರೆದರು. ರಕ್ತ ಪರೀಕ್ಷೆಯ ಅಂಕಿಗಳಲ್ಲಿ ಏರುಪೇರು ತೀರಾ ಕಡಿಮೆ ಇದೆ, ಇದು ಸಾಧ್ಯವಿಲ್ಲ ಎಂದರು. ಈ ಸಲ ಸಂಪಾದಕರಾಗಿದ್ದ ಸ್ಟೀವನ್ ಶೇಫರ್ ಪತ್ರ ಮತ್ತು ಉತ್ತರ ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕಿ ಕೈ ತೊಳೆದುಕೊಳ್ಳಲಿಲ್ಲ. ವಿಚಾರಣೆಗೆ ಒತ್ತಾಯಿಸಿದರು. 2010ರಲ್ಲಿ ಆ ಪೇಪರ್ ಹಿಂತೆಗೆಯಲಾಯಿತು. ಒಂದು ದಾರ ಎಳೆದರೆ ಇಡೀ ಬಟ್ಟೆ ಬಿಚ್ಚಿಕೊಂಡಿತು. 2011ರಲ್ಲಿ ಹಲವು ಜರ್ನಲ್‌ಗಳ ಸಂಪಾದಕರು ಒಟ್ಟಾಗಿ, ರೋಗಿಗಳ ಮೇಲಿನ ಸಂಶೋಧನೆಗೆ ಒಪ್ಪಿಗೆ ಕೊಡಬೇಕಾದ ಎಥಿಕ್ಸ್ ಕಮಿಟಿಯ ಅನುಮತಿ ಇಲ್ಲದೆ ನಡೆದ ಬೋಲ್ಟ್ ಅವರ ಸುಮಾರು 90 ಪೇಪರ್‌ಗಳನ್ನು ಹಿಂತೆಗೆದುಕೊಳ್ಳುತ್ತೇವೆ ಎಂದು ಪ್ರಕಟಿಸಿದರು.

ಇದರಿಂದ ರೋಗಿಗೆ ಏನಾಯಿತು ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಬೋಲ್ಟ್ ಅವರ ಪೇಪರ್‌ಗಳು ಹೈಡ್ರಾಕ್ಸಿಈಥೈಲ್ ಸ್ಟಾರ್ಚ್ ಎಂಬ ದ್ರವದ ಪರವಾಗಿದ್ದವು. ಐಸಿಯುಗಳಲ್ಲಿ ರಕ್ತದೊತ್ತಡ ಕುಸಿದವರಿಗೆ ಅದನ್ನು ಕೊಡುತ್ತಿದ್ದರು. 2013ರಲ್ಲಿ ಜಾಮಾ ಜರ್ನಲ್‌ನಲ್ಲಿ, ಅದುವರೆಗಿನ 38 ಟ್ರಯಲ್‌ಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಬಂತು. ಅದರಲ್ಲಿ ಬೋಲ್ಟ್ ಅವರವು 7, ರೋಗಿಗಳು 590. ಆ ಏಳನ್ನು ಸೇರಿಸಿದರೆ ಸಾವಿನ ಲೆಕ್ಕ ಗಡಿಯಲ್ಲಿ ನಿಂತು ಅನುಮಾನಕ್ಕೆ ಜಾಗ ಬಿಡುತ್ತಿತ್ತು. ತೆಗೆದರೆ ಆ ದ್ರವ ಕೊಟ್ಟವರಲ್ಲಿ ಸಾವು ಜಾಸ್ತಿ, ಕಿಡ್ನಿ ಕೈಕೊಡುವುದೂ ಜಾಸ್ತಿ ಎಂಬುದು ಸ್ಪಷ್ಟವಾಯಿತು. ಅಂದರೆ ನಂಬಲಾಗದ ಕೆಲವು ಪೇಪರ್‌ಗಳು ಹತ್ತು ಸಾವಿರಕ್ಕೂ ಜಾಸ್ತಿ ರೋಗಿಗಳ ನಿಜವಾದ ಅಂಕಿಯನ್ನು ಮಸುಕು ಮಾಡಿ ಕೂತಿದ್ದವು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಇನ್‌ಬಾಕ್ಸಿನಲ್ಲಿ ಮೂರು ವಾರ ಬಿದ್ದಿದ್ದ ಪತ್ರದ ಕೊನೆಯ ಸಾಲು ನೆನಪಾಯಿತು. ಡೋಸ್ ಶುರು ಮಾಡಬೇಕೋ ಬೇಡವೋ.

ಪ್ರಕಟಿಸುವ ಮೊದಲೇ ಹಿಡಿಯಬೇಕಿತ್ತು, ಅದಕ್ಕಲ್ಲವೇ ಪೀರ್ ರಿವ್ಯೂ ಇರುವುದು ಎಂದು ಹೊರಗಿನವರು ಕೇಳುತ್ತಾರೆ. ರಿವ್ಯೂ ಬೇಕು, ಅದಿಲ್ಲದೆ ಜರ್ನಲ್ ನಡೆಯುವುದಿಲ್ಲ. ರಿವ್ಯೂವರ್‌ಗಳಿಗೆ ನಾನು ಋಣಿ. ಸಂಬಳವಿಲ್ಲದೆ, ಹೆಸರಿಲ್ಲದೆ, ತಮ್ಮ ರಾತ್ರಿಗಳನ್ನು ಬೇರೆಯವರ ಪೇಪರ್‌ಗೆ ಕೊಡುತ್ತಾರೆ. ಆದರೆ ರಿವ್ಯೂ ಏನನ್ನು ಹಿಡಿಯುತ್ತದೆ, ಏನನ್ನು ಹಿಡಿಯುವುದಿಲ್ಲ ಎಂಬುದು ಸಂಪಾದಕನಿಗೆ ಗೊತ್ತಿರಬೇಕು. ಬಿಎಂಜೆ ಎಂಬ ಬ್ರಿಟನ್ನಿನ ವೈದ್ಯಕೀಯ ಜರ್ನಲ್‌ನ ತಂಡದವರು ಒಂದು ಪ್ರಯೋಗ ಮಾಡಿದ್ದರು, 1998ರಲ್ಲಿ ಜಾಮಾದಲ್ಲಿ ಪ್ರಕಟವಾಯಿತು. ಒಂದು ಪೇಪರ್‌ನಲ್ಲಿ ಬೇಕೆಂದೇ ಎಂಟು ದೋಷ ಸೇರಿಸಿ 420 ರಿವ್ಯೂವರ್‌ಗಳಿಗೆ ಕಳಿಸಿದರು. 221 ಜನ ಉತ್ತರ ಕೊಟ್ಟರು. ಸರಾಸರಿ ಒಬ್ಬರು ಕಂಡುಹಿಡಿದದ್ದು ಎರಡು ದೋಷ. ಶೇ. 16ರಷ್ಟು ಜನಕ್ಕೆ ಒಂದೂ ಕಾಣಲಿಲ್ಲ. ಇದು ರಿವ್ಯೂವರ್‌ಗಳನ್ನು ಬೈಯುವ ಲೆಕ್ಕ ಅಲ್ಲ. ರಿವ್ಯೂವರ್ ಲೇಖಕರು ಪ್ರಾಮಾಣಿಕರು ಎಂದು ನಂಬಿಕೊಂಡೇ ಓದುತ್ತಾರೆ. ಪ್ರಶ್ನೆ ಸರಿ ಇದೆಯೇ, ವಿಧಾನ ಸರಿ ಇದೆಯೇ, ತೀರ್ಮಾನ ಅತಿಯಾಯಿತೇ ಎಂದು ನೋಡುತ್ತಾರೆ. ಕಚ್ಚಾ ಡೇಟಾ ಅವರ ಕೈಗೆ ಸಾಮಾನ್ಯವಾಗಿ ಸಿಗುವುದೇ ಇಲ್ಲ. ಹಾಗಾಗಿ 'ಇಬ್ಬರು ರಿವ್ಯೂವರ್ ಒಪ್ಪಿದ್ದಾರೆ' ಎಂಬುದು ಸಂಪಾದಕ ತಪ್ಪಿಸಿಕೊಳ್ಳುವ ಬಾಗಿಲಾಗಬಾರದು. ನನ್ನ ಆ ಪೇಪರ್‌ಗೂ ಇಬ್ಬರು ರಿವ್ಯೂವರ್ ಇದ್ದರು. ಇಬ್ಬರೂ ತಜ್ಞರು. ಇಬ್ಬರೂ 36ಕ್ಕೆ 31 ಕೂಡಲಿಲ್ಲ. ನಾನೂ ಕೂಡಲಿಲ್ಲ.

ಈಗ ನಾನು ಕೂಡುತ್ತೇನೆ. ಪೆನ್ಸಿಲ್ ಹಿಡಿದು ಪ್ರತಿ ಟೇಬಲ್ ಕೂಡುತ್ತೇನೆ. ಅಷ್ಟೇ ಅಲ್ಲ, ಟ್ರಯಲ್ ನೋಂದಣಿ ತೆರೆದು, ಅಲ್ಲಿ ಅಳೆಯುತ್ತೇವೆ ಎಂದು ಹೇಳಿದ್ದನ್ನೇ ಪೇಪರ್‌ನಲ್ಲಿ ಅಳೆದಿದ್ದಾರಾ ಎಂದು ನೋಡುತ್ತೇನೆ. ಎಥಿಕ್ಸ್ ಕಮಿಟಿಯ ಅನುಮತಿ ಪತ್ರದ ದಿನಾಂಕ ಮೊದಲ ರೋಗಿ ಸೇರಿದ ದಿನಾಂಕಕ್ಕಿಂತ ಹಿಂದಿನದೇ ಎಂದು ನೋಡುತ್ತೇನೆ. ಬೇಸರದ ಕೆಲಸ, ನಿಜ. ಒಂದು ಪೇಪರ್‌ಗೆ ಎರಡು ತಾಸು ಬೇಕು. ಆದರೆ ಹೀಗೆ ನೋಡಿದಾಗ ಸಿಕ್ಕುವ ತಪ್ಪುಗಳಲ್ಲಿ ಹೆಚ್ಚಿನವು ಮೋಸ ಅಲ್ಲ, ಸುಸ್ತಾದ ಮನುಷ್ಯರ ಕೈತಪ್ಪು. ಲೇಖಕರಿಗೆ ತಿಳಿಸಿದರೆ ಖುಷಿಯಿಂದಲೇ ತಿದ್ದುತ್ತಾರೆ.

ಟ್ರಯಲ್ ನೋಂದಣಿ ಅಂದೆನಲ್ಲ, ಅದು ಸಂಪಾದಕರು ಒಟ್ಟಾಗಿ ಮಾಡಿದ ಕೆಲಸಗಳಲ್ಲಿ ನನಗೆ ತುಂಬ ಹೆಮ್ಮೆ ತರುವಂಥದ್ದು. ಮೊದಲು ಏನಾಗುತ್ತಿತ್ತು ಎಂದರೆ, ಔಷಧಿ ಕೆಲಸ ಮಾಡಿದ ಟ್ರಯಲ್ ಅಚ್ಚಾಗುತ್ತಿತ್ತು, ಮಾಡದ್ದು ಡ್ರಾಯರ್ ಸೇರುತ್ತಿತ್ತು. ಇದಕ್ಕೆ ನಾವೂ ಕಾರಣ. 'ಫಲಿತಾಂಶ ಏನೂ ಇಲ್ಲ, ಆಸಕ್ತಿಕರವಾಗಿಲ್ಲ' ಎಂದು ವಾಪಸ್ ಕಳಿಸಿದವರು ಸಂಪಾದಕರೇ. ಖಿನ್ನತೆಯ ಔಷಧಿಗಳ ಬಗ್ಗೆ 2008ರಲ್ಲಿ ಬಂದ ಒಂದು ಅಧ್ಯಯನ ಇದನ್ನು ಅಂಕಿಯಲ್ಲಿ ತೋರಿಸಿತು. ಅಮೆರಿಕದಲ್ಲಿ ಔಷಧಿಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಬಳಿ ದಾಖಲಾಗಿದ್ದ 74 ಅಧ್ಯಯನಗಳಲ್ಲಿ, ಔಷಧಿ ಗೆದ್ದಿದೆ ಎಂದು ಎಫ್‌ಡಿಎ ಒಪ್ಪಿದ್ದು 38. ಅವುಗಳಲ್ಲಿ 37 ಪ್ರಕಟವಾಗಿದ್ದವು. ಉಳಿದ 36ರಲ್ಲಿ 22 ಪ್ರಕಟವೇ ಆಗಿರಲಿಲ್ಲ, 11 ಗೆದ್ದಂತೆ ಕಾಣುವ ಹಾಗೆ ಬರೆದು ಪ್ರಕಟವಾಗಿದ್ದವು, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಮೂರೇ ಮೂರು. ಜರ್ನಲ್ ಓದಿ ಔಷಧಿ ಬರೆಯುವ ಡಾಕ್ಟರ್ ಕಣ್ಣಿಗೆ ಯಾವ ಚಿತ್ರ ಬಿದ್ದಿರುತ್ತದೆ, ಯೋಚನೆ ಮಾಡಿ. 2004ರ ಸೆಪ್ಟೆಂಬರ್‌ನಲ್ಲಿ ದೊಡ್ಡ ವೈದ್ಯಕೀಯ ಜರ್ನಲ್‌ಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಒಂದು ಮಾತು ಹೇಳಿತು. 2005ರ ಜುಲೈ 1ರಿಂದ ಶುರುವಾಗುವ ಟ್ರಯಲ್ ಯಾವುದೇ ಆಗಲಿ, ಮೊದಲ ರೋಗಿ ಸೇರುವ ಮುನ್ನ ಎಲ್ಲರೂ ನೋಡಬಹುದಾದ ಕಡೆ ನೋಂದಣಿ ಆಗಿರಬೇಕು, ಇಲ್ಲದಿದ್ದರೆ ನಾವು ಪ್ರಕಟಿಸುವುದಿಲ್ಲ. ಸಂಪಾದಕರ ಕೈಯಲ್ಲಿ ಪೊಲೀಸರಿಲ್ಲ, ಕಾನೂನಿಲ್ಲ. 'ಪ್ರಕಟಿಸುವುದಿಲ್ಲ' ಎಂಬ ಒಂದೇ ಮಾತು ಇತ್ತು. ಅದನ್ನು ಒಟ್ಟಿಗೆ ಹೇಳಿದ್ದರಿಂದ ನಡೆಯಿತು.

ಆ ಮಾತನ್ನು ಹೇಳದೆ ಹೋದ ದಶಕಗಳೂ ಇವೆ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಕಪ್ಪು ಜನಾಂಗದ ನೂರಾರು ಬಡ ಗಂಡಸರ ಸಿಫಿಲಿಸ್ ರೋಗಕ್ಕೆ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಎಂದು ಸುಮ್ನೆ ನೋಡುತ್ತಾ ಕೂತಿದ್ದರು. ಪೆನ್ಸಿಲಿನ್ ಬಂದ ಮೇಲೂ ಕೊಡಲಿಲ್ಲ. ಇದು ಗುಟ್ಟಾಗಿ ನಡೆದದ್ದು ಎಂದು ಹಲವರು ತಿಳಿದಿದ್ದಾರೆ. ಗುಟ್ಟಾಗಿರಲಿಲ್ಲ. 1936ರಿಂದಲೇ ಇದರ ವರದಿಗಳು ವೈದ್ಯಕೀಯ ಜರ್ನಲ್‌ಗಳಲ್ಲಿ ಬರುತ್ತಿದ್ದವು. 1964ರಲ್ಲಿ 'ವೀಕ್ಷಣೆಯ ಮೂವತ್ತನೇ ವರ್ಷ' ಎಂಬ ಪೇಪರ್ ಕೂಡ ಬಂತು. ಪ್ರತಿ ಸಲ ಒಬ್ಬ ಸಂಪಾದಕ ಅದನ್ನು ಓದಿ ಒಪ್ಪಿದ್ದಾನೆ. ವ್ಯಾಕರಣ ತಿದ್ದಿರಬಹುದು, ಟೇಬಲ್ ಸರಿಪಡಿಸಿರಬಹುದು. ಇವರಿಗೆ ಔಷಧಿ ಯಾಕೆ ಕೊಡಲಿಲ್ಲ ಎಂದು ಕೇಳಿ ಆ ಪೇಪರ್ ತಡೆಯಲಿಲ್ಲ. 1966ರಲ್ಲಿ ಹೆನ್ರಿ ಬೀಚರ್ ಎಂಬ ಹಾರ್ವರ್ಡ್ ವೈದ್ಯರು, ರೋಗಿಗಳ ಒಪ್ಪಿಗೆ ಇಲ್ಲದೆ ಅಥವಾ ಅವರ ಪ್ರಾಣ ಪಣಕ್ಕಿಟ್ಟು ನಡೆದ 22 ಪ್ರಯೋಗಗಳನ್ನು ಪಟ್ಟಿ ಮಾಡಿ ಬರೆದರು. ಹುಡುಕಲು ಅವರು ಯಾವ ಗುಪ್ತ ಕಡತಕ್ಕೂ ಕೈ ಹಾಕಬೇಕಿರಲಿಲ್ಲ. ಒಳ್ಳೆಯ ಹೆಸರಿನ ಜರ್ನಲ್‌ಗಳಲ್ಲೇ ಸಿಕ್ಕಿದವು. ಅವರ ಬರಹವನ್ನು ಮೊದಲು ಜಾಮಾ ಒಪ್ಪಲಿಲ್ಲ, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿತು. ಅನುಮತಿ ಪತ್ರದ ದಿನಾಂಕ ನೋಡುವುದು ಗುಮಾಸ್ತೆ ಕೆಲಸ ಎಂದು ಯಾರಾದರೂ ಹೇಳಿದರೆ ನಾನು ಈ 22ನ್ನು ನೆನಪಿಸುತ್ತೇನೆ.

ದುಡ್ಡಿನ ವಿಷಯಕ್ಕೆ ಬರೋಣ. ಜರ್ನಲ್ ನಡೆಯಲು ದುಡ್ಡು ಬೇಕು. ಚಂದಾ, ಜಾಹೀರಾತು, ಲೇಖಕರು ಕಟ್ಟುವ ಶುಲ್ಕ, ಇದರ ಜೊತೆಗೆ ಹೊರಗಿನವರು ಅಷ್ಟಾಗಿ ಕೇಳಿರದ ಇನ್ನೊಂದು, ರೀಪ್ರಿಂಟ್. ತನ್ನ ಔಷಧಿಯ ಬಗ್ಗೆ ಒಳ್ಳೆಯ ಪೇಪರ್ ಬಂದರೆ ಕಂಪನಿ ಅದರ ಪ್ರತಿಗಳನ್ನು ರಾಶಿಗಟ್ಟಲೆ ಕೊಂಡು ಡಾಕ್ಟರ್‌ಗಳಿಗೆ ಹಂಚುತ್ತದೆ. ಮರ್ಕ್ ಕಂಪನಿಯ ನೋವಿನ ಮಾತ್ರೆ ವಯಾಕ್ಸ್ ಬಗ್ಗೆ 2000ದ ನವೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬಂದ ಪೇಪರ್‌ನ 9 ಲಕ್ಷಕ್ಕೂ ಜಾಸ್ತಿ ರೀಪ್ರಿಂಟ್ ಮಾರಾಟವಾದವು. ಆ ಪೇಪರ್‌ನಲ್ಲಿ ವಯಾಕ್ಸ್ ಗುಂಪಿನ ಹೃದಯಾಘಾತ 17 ಎಂದು ಇತ್ತು. ನಿಜವಾಗಿ 20 ಆಗಿದ್ದವು. ಬಿಟ್ಟುಹೋದ ಮೂರರ ವಿವರ ಎಫ್‌ಡಿಎ ದಾಖಲೆಗಳಲ್ಲಿ 2001ರಲ್ಲೇ ಎಲ್ಲರಿಗೂ ಕಾಣುವಂತೆ ಇತ್ತು. ಹೃದಯಕ್ಕೆ ಅಪಾಯ ಎಂದು ಕಂಪನಿ ಮಾತ್ರೆಯನ್ನು ಮಾರುಕಟ್ಟೆಯಿಂದ ಹಿಂತೆಗೆದದ್ದು 2004ರ ಸೆಪ್ಟೆಂಬರ್‌ನಲ್ಲಿ. ಈ ಪೇಪರ್ ಬಗ್ಗೆ ನಮಗೆ ಕಳವಳ ಇದೆ ಎಂದು ಜರ್ನಲ್ ಪ್ರಕಟಣೆ ಹೊರಡಿಸಿದ್ದು 2005ರ ಡಿಸೆಂಬರ್‌ನಲ್ಲಿ. ರೀಪ್ರಿಂಟ್ ಹಣಕ್ಕೂ ಈ ತಡಕ್ಕೂ ಸಂಬಂಧ ಕಟ್ಟಲು ನನ್ನ ಬಳಿ ಆಧಾರ ಇಲ್ಲ, ಕಟ್ಟುವುದೂ ಇಲ್ಲ. ಆದರೆ ಒಂದು ಪೇಪರ್ ಅಷ್ಟು ದುಡ್ಡು ತಂದಾಗ ಅದರ ತಪ್ಪು ಹುಡುಕುವುದು ಮನುಷ್ಯನಿಗೆ ಕಷ್ಟ. ಹಾಗಾಗಿ ಯಾವ ಪೇಪರ್ ಎಷ್ಟು ಗಳಿಸುತ್ತದೆ ಎಂಬ ಲೆಕ್ಕ ಸಂಪಾದಕನ ಮೇಜಿಗೆ ಬರಲೇಬಾರದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮಾಲೀಕರ ಜೊತೆಗಿನ ಸಂಬಂಧವೂ ಹೀಗೇ. ಜರ್ನಲ್ ಯಾವುದೋ ವೈದ್ಯರ ಸಂಘದ್ದೋ ಪ್ರಕಾಶಕರದ್ದೋ ಆಗಿರುತ್ತದೆ. ಅವರಿಗೆ ಇಷ್ಟವಾಗದ್ದನ್ನು ಪ್ರಕಟಿಸಿದರೆ ಕುರ್ಚಿ ಹೋಗಬಹುದು. 1999ರಲ್ಲಿ ಜಾಮಾದ ಜಾರ್ಜ್ ಲುಂಡ್‌ಬರ್ಗ್ ಕೆಲಸ ಕಳೆದುಕೊಂಡರು. ಅದೇ ವರ್ಷ ನ್ಯೂ ಇಂಗ್ಲೆಂಡ್ ಜರ್ನಲ್‌ನ ಜೆರೋಮ್ ಕಸಿರರ್ ಅವರನ್ನು ಮಾಲೀಕ ಸಂಘ ಮುಂದುವರಿಸಲಿಲ್ಲ, ಜರ್ನಲ್ ಹೆಸರನ್ನು ಬೇರೆ ಬೇರೆ ಉತ್ಪನ್ನಗಳಿಗೆ ಬಳಸುವ ವಿಷಯದಲ್ಲಿ ಭಿನ್ನಾಭಿಪ್ರಾಯ ಇತ್ತು. 2006ರಲ್ಲಿ ಕೆನಡಾದ ಸಿಎಂಎಜೆ ಎಂಬ ವೈದ್ಯಕೀಯ ಜರ್ನಲ್‌ನ ಸಂಪಾದಕ ಜಾನ್ ಹೋಯಿ ಅವರನ್ನು ತೆಗೆದುಹಾಕಿದರು. ಸಂಪಾದಕ ಸ್ವತಂತ್ರನಾಗಿರಬೇಕು ಎಂಬುದನ್ನು ಸೇರುವ ದಿನವೇ ಬರಹದಲ್ಲಿ ಪಡೆಯಬೇಕು. ಬಿರುಗಾಳಿ ಬಂದ ದಿನ ಕೇಳಿದರೆ ಸಿಗುವುದಿಲ್ಲ.

ನನ್ನ ವಿಷಯದಲ್ಲಿ ಬಿರುಗಾಳಿ ಏನೂ ಬರಲಿಲ್ಲ. ಬಂದದ್ದು ಮೌನ. ಲೇಖಕರು ಎರಡು ತಿಂಗಳು ಉತ್ತರಿಸಲಿಲ್ಲ. ಮೂರನೇ ಸಲ ಬರೆದಾಗ 'ಟೈಪಿಂಗ್ ತಪ್ಪು, ತೀರ್ಮಾನ ಬದಲಾಗುವುದಿಲ್ಲ' ಎಂದರು. ಹಾಗಾದರೆ ಮೂಲ ಡೇಟಾ ಕಳಿಸಿ ಎಂದೆ. ಕಂಪ್ಯೂಟರ್ ಕೆಟ್ಟಿದೆ ಎಂದರು. ಅವರ ಸಂಸ್ಥೆಗೆ ಬರೆದೆ. ಸಂಸ್ಥೆ ಒಂದು ಸಮಿತಿ ರಚಿಸುತ್ತೇವೆ ಎಂದಿತು. ಸಮಿತಿ ಸೇರಲು ಐದು ತಿಂಗಳು. ನಡುವೆ ನಮ್ಮ ಪ್ರಕಾಶಕರ ವಕೀಲರು, ಪ್ರಕಟಣೆಯ ಒಂದೊಂದು ಪದಕ್ಕೂ ಮಾನನಷ್ಟ ಮೊಕದ್ದಮೆಯ ಭಯ. ಈ ಎಲ್ಲ ಹಂತಗಳೂ ಬೇಕಾದವೇ. ಲೇಖಕರಿಗೆ ಉತ್ತರಿಸುವ ಅವಕಾಶ ಕೊಡದೆ ಅವರ ಹೆಸರಿಗೆ ಮಸಿ ಬಳಿಯುವುದು ಅನ್ಯಾಯ. ಮೋಸ ಆಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವುದು ಸಂಪಾದಕನ ಕೆಲಸವೂ ಅಲ್ಲ, ಅದು ಸಂಸ್ಥೆಯ ಕೆಲಸ. ಸಂಪಾದಕ ಕೇಳಬೇಕಾದ್ದು ಒಂದೇ: ಈ ಅಂಕಿಗಳನ್ನು ನಂಬಬಹುದೇ? ನಂಬಲಾಗದಿದ್ದರೆ, ಕಾರಣ ಮೋಸವೋ ಕೈತಪ್ಪೋ ಎಂದು ಗೊತ್ತಾಗುವವರೆಗೆ ಓದುಗರನ್ನು ಕತ್ತಲಲ್ಲಿ ಇಡಬೇಕಿಲ್ಲ. 'ಈ ಪೇಪರ್ ಬಗ್ಗೆ ಪ್ರಶ್ನೆ ಬಂದಿದೆ, ವಿಚಾರಣೆ ನಡೆಯುತ್ತಿದೆ' ಎಂದು ಪೇಪರ್‌ನ ತಲೆಯ ಮೇಲೆ ಒಂದು ಸಾಲು ಹಾಕಬಹುದು. ಅದಕ್ಕೆಂದೇ ಒಂದು ಪದ್ಧತಿ ಇದೆ, ಅದನ್ನು 'ಎಕ್ಸ್‌ಪ್ರೆಷನ್ ಆಫ್ ಕನ್ಸರ್ನ್' ಎನ್ನುತ್ತಾರೆ. ಪ್ರಕಟಣೆಯ ನೀತಿ ನಿಯಮಗಳಿಗಾಗಿ 1997ರಲ್ಲಿ ಶುರುವಾದ ಕೋಪ್ ಸಂಸ್ಥೆ, ಇಂಥ ಪತ್ರ ಬಂದರೆ ಏನು ಮಾಡಬೇಕು ಎಂದು ಹೆಜ್ಜೆಹೆಜ್ಜೆಗೂ ಬರೆದು ಇಟ್ಟಿದೆ. ನಾನು ಅದನ್ನು ತೆರೆದು ಓದಿದ್ದು ಆರನೇ ತಿಂಗಳಲ್ಲಿ.

ಬೇಗ ಮಾಡಲು ಆಗುವುದೇ ಇಲ್ಲ ಅನ್ನುವವರಿಗೆ 2020ರ ಒಂದು ಉದಾಹರಣೆ ಇದೆ. ಮೇ 22ರಂದು ಲ್ಯಾನ್ಸೆಟ್ ಎಂಬ ಜರ್ನಲ್‌ನಲ್ಲಿ, 671 ಆಸ್ಪತ್ರೆಗಳ 96,000 ಕೋವಿಡ್ ರೋಗಿಗಳ ದಾಖಲೆ ನೋಡಿದ್ದೇವೆ, ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟವರಲ್ಲಿ ಸಾವು ಜಾಸ್ತಿ ಎಂಬ ಪೇಪರ್ ಬಂತು. ಡೇಟಾ ಕೊಟ್ಟದ್ದು ಸರ್ಜಿಸ್ಫಿಯರ್ ಎಂಬ ಸಣ್ಣ ಕಂಪನಿ. ಮೂರೇ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧಿಯ ಟ್ರಯಲ್ ತಾತ್ಕಾಲಿಕವಾಗಿ ನಿಲ್ಲಿಸಿತ್ತು. ಆಸ್ಟ್ರೇಲಿಯಾದ ಸಾವುಗಳ ಅಂಕಿ ಆ ದೇಶದ ಅಧಿಕೃತ ಅಂಕಿಗಿಂತ ಜಾಸ್ತಿ ಇದೆ ಎಂದು ಓದುಗರು ಕಂಡುಹಿಡಿದರು. ನೂರಕ್ಕೂ ಜಾಸ್ತಿ ಸಂಶೋಧಕರು ಬಹಿರಂಗ ಪತ್ರ ಬರೆದರು. ಕಂಪನಿ ಡೇಟಾ ತೋರಿಸಲು ಒಪ್ಪಲಿಲ್ಲ. ಜೂನ್ 4ರಂದು ಪೇಪರ್ ಹಿಂತೆಗೆಯಲಾಯಿತು. ಹದಿಮೂರು ದಿನ. ಅದೇ ಜರ್ನಲ್‌ನಲ್ಲಿ 1998ರಲ್ಲಿ, 12 ಮಕ್ಕಳನ್ನು ನೋಡಿ ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಇರಬಹುದು ಎಂಬ ಅನುಮಾನ ಹಬ್ಬಿಸಿದ ಆಂಡ್ರ್ಯೂ ವೇಕ್‌ಫೀಲ್ಡ್ ಪೇಪರ್ ಬಂದಿತ್ತು. ಬ್ರಯನ್ ಡೀರ್ ಎಂಬ ಪತ್ರಕರ್ತರು 2004ರಲ್ಲೇ ಅದರ ಹಿಂದಿನ ಹಣದ ನಂಟನ್ನು ಬಯಲಿಗೆ ಎಳೆದರು. ಸಹಲೇಖಕರಲ್ಲಿ ಹತ್ತು ಜನ ಆ ತೀರ್ಮಾನದಿಂದ ಹಿಂದೆ ಸರಿದರು. ಪೂರ್ತಿ ಹಿಂತೆಗೆಯಲು 2010ರ ಫೆಬ್ರವರಿ ಬರಬೇಕಾಯಿತು. ಹನ್ನೆರಡು ವರ್ಷ ಒಬ್ಬೊಬ್ಬ ತಾಯಿ ಲಸಿಕೆ ಹಾಕಿಸಲೋ ಬೇಡವೋ ಎಂದು ಮಗುವನ್ನು ಎತ್ತಿಕೊಂಡು ಯೋಚಿಸಿದ್ದಾಳೆ. ಹದಿಮೂರು ದಿನಕ್ಕೆ ಇಡೀ ಜಗತ್ತಿನ ಕಣ್ಣು ಕಾರಣ ಎಂದು ನನಗೆ ಗೊತ್ತು. ಯಾರೂ ನೋಡದ ಸಣ್ಣ ಪೇಪರ್‌ಗೆ ಆ ಕಣ್ಣು ಸಂಪಾದಕನದೇ ಆಗಿರಬೇಕು ಎಂಬುದು ನನ್ನ ಹಟ.

ಈಚೆಗೆ ಹಣ ಪಡೆದು ಪೇಪರ್ ತಯಾರಿಸಿ ಕೊಡುವ ಅಡ್ಡೆಗಳು ಬೇರೆ ಬಂದಿವೆ. ಹಿಂದಾವಿ ಎಂಬ ಒಂದೇ ಪ್ರಕಾಶನ 2023ರಲ್ಲಿ 8,000ಕ್ಕೂ ಜಾಸ್ತಿ ಪೇಪರ್‌ಗಳನ್ನು ಹಿಂತೆಗೆಯಬೇಕಾಯಿತು. ಅದರ ಬಗ್ಗೆ ಬರೆಯಲು ಇನ್ನೊಂದು ಬರಹವೇ ಬೇಕು.

ಆ 14 ತಿಂಗಳ ಕೊನೆಗೆ ಸಂಸ್ಥೆಯ ಸಮಿತಿ, ಮೂಲ ದಾಖಲೆಗಳು ಸಿಗುತ್ತಿಲ್ಲ ಎಂದು ಎರಡು ಸಾಲಿನ ಪತ್ರ ಕಳಿಸಿತು. ನಾವು ಪೇಪರ್ ಹಿಂತೆಗೆದೆವು. ಪ್ರಕಟಣೆಯಲ್ಲಿ 'ಡೇಟಾದ ಖಚಿತತೆ ದೃಢಪಡಿಸಲಾಗದ ಕಾರಣ' ಎಂದು ಬರೆದೆವು. ತಪ್ಪು ಹಿಡಿದುಕೊಟ್ಟ ಓದುಗರ ಬಗ್ಗೆ ಒಂದು ಪದವೂ ಇರಲಿಲ್ಲ. ಅದು ನನಗೆ ಹೊಳೆಯಲೇ ಇಲ್ಲ. ಆಮೇಲೆ ಅವರಿಗೆ ಪತ್ರ ಬರೆದು ತಡಕ್ಕೂ ಇದಕ್ಕೂ ಕ್ಷಮೆ ಕೇಳಿದೆ. ಅವರು ಮರುದಿನವೇ ಉತ್ತರಿಸಿದರು. ನಿಮ್ಮಿಂದ ಉತ್ತರ ಬರುವುದು ಕಾಣಲಿಲ್ಲ, ಹಾಗಾಗಿ ನಾವು ಆ ಡೋಸ್ ಶುರು ಮಾಡಲಿಲ್ಲ, ಆದರೆ ನನಗೆ ಗೊತ್ತಿರುವ ಇನ್ನೆರಡು ಕಡೆ ಶುರು ಮಾಡಿದ್ದರು ಎಂದಿದ್ದರು. ಅಲ್ಲಿ ಏನಾಯಿತು ಎಂದು ಕೇಳಿ ಬರೆದೆ. ನಿಲ್ಲಿಸಿದ್ದಾರೆ ಎಂದಷ್ಟೇ ಹೇಳಿದರು.

ಹೋದ ತಿಂಗಳು ಬೇರೆ ಜರ್ನಲ್‌ನಿಂದ ರಿವ್ಯೂಗೆ ಒಂದು ಪೇಪರ್ ಬಂತು. ಅದೇ ಔಷಧಿ. ಆಧಾರಗಳ ಪಟ್ಟಿಯಲ್ಲಿ 17ನೆಯದು ನಮ್ಮ ಆ ಪೇಪರ್. ಹಿಂತೆಗೆದು ಆರು ವರ್ಷ ಆಗಿದೆ, ಇನ್ನೂ ಅದನ್ನು ನೆಚ್ಚಿಕೊಂಡು ಡೋಸ್ ಲೆಕ್ಕ ಹಾಕಿದ್ದಾರೆ. ರಿವ್ಯೂನ ಮೊದಲ ಸಾಲಿನಲ್ಲೇ ಅದನ್ನು ಬರೆದೆ. ಆಮೇಲೆ ಆ ಜರ್ನಲ್‌ನ ಸಂಪಾದಕಿಗೆ ಬೇರೆಯಾಗಿ ಒಂದು ಪತ್ರ ಬರೆದೆ. ಲೇಖಕರು ಆ ಡೋಸ್‌ನಲ್ಲಿ ಈಗಾಗಲೇ ರೋಗಿಗಳನ್ನು ಸೇರಿಸಿಕೊಳ್ಳುತ್ತಿದ್ದರೆ ಪೇಪರ್ ತೀರ್ಮಾನಕ್ಕೆ ಕಾಯಬೇಡಿ, ಅವರಿಗೆ ಇವತ್ತೇ ಫೋನ್ ಮಾಡಿ ಎಂದು ಕೇಳಿಕೊಂಡೆ. ಅವರು ಸಂಜೆಯೇ ಫೋನ್ ಮಾಡಿ ಮಾತಾಡಿದ್ದಾಗಿ ತಿಳಿಸಿದರು.